ಆಚೆ ದಡಕ್ಕೆ ಮುಟ್ಟುವಷ್ಟು ಇಂಗ್ಲಿಷ್

ತುಂಗಭದ್ರೆಯ ದಡದಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಎನ್ನುವುದು ನನ್ನ ದೊಡ್ಡ ಮನಸ್ಸು. ಎರಡು ಕೋಣೆ, ಒಂದು ಬೇವಿನ ಮರ, ಮರಕ್ಕೆ ಒರಗಿಸಿದ ಒಂದು ಕಪ್ಪು ಹಲಗೆ, ಅಷ್ಟೇ.

ಅಲ್ಲಿ ವಾಮದೇವಯ್ಯ ಗುರುಗಳಿದ್ದರು. ಬೇರೆ ಆಶ್ರಮಗಳಲ್ಲಿ ಮೋಕ್ಷದ ದಾರಿ ತೋರಿಸುತ್ತಾರೆ. ನಮ್ಮ ಗುರುಗಳು ವಿಜ್ಞಾನ ಓದುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಾಡಿದ ಪ್ರಯೋಗವನ್ನು ಬರೆದಿಡುವ ಇಂಗ್ಲಿಷ್, ಕಂಡದ್ದನ್ನು ನಾಲ್ಕು ಜನರೆದುರು ನಿಂತು ಹೇಳುವ ಇಂಗ್ಲಿಷ್. ಮೋಕ್ಷ ಇದಕ್ಕಿಂತ ಸಲೀಸು.

ನಾನು ಗುರುಗಳ ಹೆಂಡತಿಯ ತಮ್ಮ, ಸಂಗಪ್ಪ. ಅಕ್ಕ ತೀರಿಹೋದಾಗ ಮಣ್ಣಿಗೆಂದು ಬಂದವನು ಅಲ್ಲೇ ಉಳಿದೆ. ಮಕ್ಕಳಿಗೆಲ್ಲ ನಾನು ಮಾಮಾ. ಹರಿಗೋಲು ನಡೆಸುವುದು ನನ್ನ ಕೆಲಸ.

ಕೂತು ಕೂತು ನಾನೂ ಇಂಗ್ಲಿಷ್ ಕಲಿತೆ. ಜಂಬ ಕೊಚ್ಚುವುದು ನನಗೆ ಬರುವುದಿಲ್ಲ, ಇದ್ದದ್ದು ಹೇಳುತ್ತೇನೆ: ನಡುನೀರಿನಲ್ಲಿ ನಾನೊಮ್ಮೆ ಇಂಗ್ಲಿಷಿನಲ್ಲಿ ಕೆಮ್ಮಿದರೆ ಮೀನುಗಳು ತಲೆ ಎತ್ತಿ ಗುಡ್ ಮಾರ್ನಿಂಗ್ ಹೇಳುತ್ತಿದ್ದವು. ಮೊಸಳೆ ಮಾತ್ರ ಹೇಳುತ್ತಿರಲಿಲ್ಲ. ಅದು ಮೊದಲಿನಿಂದಲೂ ಸೊಕ್ಕಿನದು.

ಗುರುಗಳ ಪಾಠದ ಪದ್ಧತಿ ಹೀಗೆ. ಶಿಷ್ಯ ಈಚೆ ದಡದ ಬಂಡೆಯ ಮೇಲೆ ನಿಲ್ಲಬೇಕು. ಗುರುಗಳು ನನ್ನ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿ ಕೂರುತ್ತಿದ್ದರು. ಶಿಷ್ಯ ತನ್ನ ಪ್ರಯೋಗದಲ್ಲಿ ಕಂಡದ್ದನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕು. ಅರ್ಥವಾದರೆ ಗುರುಗಳು ಹೆಗಲ ಮೇಲಿನ ಟವೆಲ್ ಎತ್ತಿ ತೋರಿಸುತ್ತಿದ್ದರು. ಅರ್ಥವಾಗದಿದ್ದರೆ ಸುಮ್ಮನೆ ಕೂತಿರುತ್ತಿದ್ದರು.

ಅಲ್ಲಿ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಇಕ್ಕಟ್ಟಾದಷ್ಟೂ ಗದ್ದಲ ಹೆಚ್ಚು. ಉದ್ದ ವಾಕ್ಯಗಳು ಅರ್ಧ ನೀರಿಗೇ ಮುಳುಗುತ್ತಿದ್ದವು. ಮುಳುಗಿದ ಪದಗಳನ್ನು ನಾನು ಬಲೆ ಹಾಕಿ ಹಿಡಿದು ಸಂತೆಯಲ್ಲಿ ಮಾರುತ್ತಿದ್ದೆ. ದಪ್ಪ ಪದಗಳನ್ನು ವಕೀಲರು ಮುಗಿಬಿದ್ದು ಕೊಳ್ಳುತ್ತಿದ್ದರು.

ಒಮ್ಮೆ ಒಬ್ಬ ಹುಡುಗ ಕಪ್ಪೆಯ ಹೃದಯದ ಬಗ್ಗೆ ಗಂಟಲು ಹರಿಯುವ ಹಾಗೆ ಕೂಗಿದ. ಟವೆಲ್ ಏಳಲಿಲ್ಲ. ಗುರುಗಳು ಮರಳಿ ಬಂದರು.

“ಗುರುಗಳ, ಏನ್ ಕೇಳಿಸ್ತ್ರಿ?”

“ಕಪ್ಪೆ.”

“ಅಷ್ಟ ಏನ್ರಿ?”

“ಆಮೇಲೆ ನೀನು ಮೂಗು ಸೀನಿದ್ದು.”

ಹುಡುಗ ಮುಖ ಸಣ್ಣದು ಮಾಡಿದ. ಗುರುಗಳು ಅವನ ಬೆನ್ನು ತಟ್ಟಿದರು.

“ಆಚೆ ದಡದಲ್ಲಿ ಕೂತವನಿಗೆ ನಿನ್ನ ಕಾಲೇಜು ಗೊತ್ತಿಲ್ಲ, ನಿನ್ನ ಮಾರ್ಕ್ಸ್ ಗೊತ್ತಿಲ್ಲ. ಮುಟ್ಟಿದ್ದಷ್ಟೇ ಅವನ ಪಾಲು. ಮತ್ತೆ ಕೂಗು.”

ಶಿಷ್ಯರಲ್ಲಿ ಇಬ್ಬರು ಮುಂದೆ ಇದ್ದರು. ಒಬ್ಬ ಹುಲುಗೇಶ, ಈಚೆ ಊರಿನವನು. ಇನ್ನೊಬ್ಬಳು ರುದ್ರಾಣಿ, ಆಚೆ ದಡದ ಊರಿನವಳು. ಇಬ್ಬರೂ ಒಂದೇ ಕಾಲೇಜು, ಒಂದೇ ಲ್ಯಾಬು, ಓದುತ್ತಿದ್ದದ್ದು ಕೆಮಿಸ್ಟ್ರಿ.

ಹುಲುಗೇಶನಿಗೆ ದಪ್ಪ ಪದಗಳೆಂದರೆ ಪ್ರಾಣ. ನೀರು ಕುದಿಯಿತು ಎಂದು ಅವನ ಬಾಯಲ್ಲಿ ಎಂದೂ ಬರಲಿಲ್ಲ. ನೀರಿಗೆ ಏನೇನೋ ಸಂಭವಿಸುತ್ತಿತ್ತು.

ರುದ್ರಾಣಿ ಹಾಗಲ್ಲ. ಅವಳು ಒಂದು ವಾಕ್ಯ ಹೇಳಿ ಬಾಯಿ ಮುಚ್ಚುವುದರೊಳಗೆ ಆಚೆ ಟವೆಲ್ ಮೇಲೆದ್ದಿರುತ್ತಿತ್ತು.

“ಲೇ ಹುಲುಗೇಶ, ನಿನ್ನ ವಾಕ್ಯ ಆಕಡೆ ಹೋಗಬೇಕಂದ್ರ ಸರ್ಕಾರದವ್ರು ಸೇತುವೆ ಕಟ್ಟಬೇಕು ನೋಡು.”

“ನಿಂದೇನು ವಾಕ್ಯನ? ಅಂಗನವಾಡಿ ಪದ್ಯ ಇದ್ದಂಗ ಐತಿ.”

“ಪದ್ಯ ಮುಟ್ತು. ನಿಂದು ಎಲ್ಲೈತಿ? ಮಾಮಾ, ಬಲೆ ಹಾಕ್ರಿ, ಹುಲುಗೇಶಂದು ಒಂದು ಗಂಟು ತೇಲಿಕೋಂತ ಹೊಂಟೈತಿ.”

ಇಬ್ಬರೂ ನಗುತ್ತಿದ್ದರು. ರುದ್ರಾಣಿಯ ತಾಯಿ ಶಿವವ್ವ ಕಟ್ಟಿ ಕೊಟ್ಟ ರೊಟ್ಟಿಯನ್ನು ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ತಿನ್ನುತ್ತಿದ್ದರು. ಉಳಿದ ಚೂರು ನನಗೆ.

ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಮೀನಿನ ಕಥೆ ಇಲ್ಲ.

ಅವರ ಲ್ಯಾಬಿನ ಕಪಾಟಿನಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಪ್ರಯೋಗದಲ್ಲಿ ಬಳಸಿ ಉಳಿದ ಸ್ಪಿರಿಟ್ಟನ್ನು ಅದಕ್ಕೆ ಸುರಿದಿಡುತ್ತಿದ್ದರು. ಒಂದು ಬೆಳಿಗ್ಗೆ ರುದ್ರಾಣಿ ಆ ಬಾಟಲಿಯನ್ನು ಪಕ್ಕಕ್ಕಿಡಲು ಎತ್ತಿದಳು. ಅದು ಅವಳ ಕೈಯಲ್ಲೇ ಸಿಡಿಯಿತು.

ಎರಡೂ ಕಣ್ಣು ಹೋದವು.

ಆಸ್ಪತ್ರೆಗೆ ಗುರುಗಳ ಜೊತೆ ನಾನೂ ಹೋಗಿದ್ದೆ. ನಗಿಸಬೇಕೆಂದು ದಾರಿಯುದ್ದಕ್ಕೂ ಎರಡು ಮಾತು ಕಟ್ಟಿಕೊಂಡು ಹೋಗಿದ್ದೆ. ಅವಳ ಮುಖದ ಬ್ಯಾಂಡೇಜು ನೋಡಿದ ಮೇಲೆ ಆ ಎರಡು ಮಾತು ಇವತ್ತಿನವರೆಗೂ ನನ್ನ ಹತ್ತಿರವೇ ಇವೆ.

ಕೆಲವು ವಾರ ಪಾಠ ನಡೆಯಲಿಲ್ಲ. ಗುರುಗಳು ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಹಲಗೆಯ ಮೇಲೆ ಎಲೆ ಉದುರುತ್ತಿತ್ತು.

ಒಂದು ದಿನ ಹುಲುಗೇಶ ಒಬ್ಬನೇ ಬಂದ. ಇಳಿದುಹೋಗಿದ್ದ. ಬಂದವನು ಗುರುಗಳ ಕಾಲು ಮುಟ್ಟಿದ, ಮೇಲೆ ನೋಡಲಿಲ್ಲ.

“ಗುರುಗಳ, ಕಮಿಟಿ ಬರ್ತೈತಂತ್ರಿ. ಎಲ್ಲಾ ಹೊರಗಿನ ರಾಜ್ಯದವ್ರು. ಲ್ಯಾಬಿನಾಗಿದ್ದ ಒಬ್ಬೊಬ್ರೂ ಇಂಗ್ಲಿಷಿನ್ಯಾಗ ಹೇಳಿಕೆ ಬರದು ಕೊಡಬೇಕಂತ. ಆಮ್ಯಾಲೆ ಅವ್ರ ಮುಂದ ನಿಂತು ಬಾಯಲೆ ಹೇಳಬೇಕಂತ.”

“ಕಮಿಟಿ ಏನು ತೀರ್ಮಾನ ಮಾಡುತ್ತದೆ?”

“ತಪ್ಪು ಯಾರದು ಅಂತ್ರಿ. ಯಾರದು ಅಂತ ಆಗ್ತೈತೋ ಅವ್ರನ್ನ ಕಾಲೇಜಿನಿಂದ ತಗೀತಾರ.”

“ರುದ್ರಾಣಿ ಮುಂದೆ ಓದುತ್ತಾಳಂತೆ. ಯಾರಾದರೂ ಪುಸ್ತಕ ಓದಿ ಹೇಳಿದರೆ ಪರೀಕ್ಷೆ ಕೊಡುತ್ತೇನೆ ಅಂದಳು.”

“ಹೌದ್ರಿ.”

“ನಿನಗೆ ಹೈದರಾಬಾದಿನಲ್ಲಿ ರಿಸರ್ಚ್ ಸೀಟು ಸಿಕ್ಕಿದೆಯಂತೆ.”

“ಹೌದ್ರಿ. ಅವ್ವ ಓಣಿಗೆಲ್ಲ ಸಕ್ಕರಿ ಹಂಚ್ಯಾಳ್ರಿ.”

“ಏನು ಬರೆದಿದ್ದೀಯ, ಓದು.”

ಹುಲುಗೇಶ ಕಾಗದ ಬಿಚ್ಚಿ ಓದಿದ. ಇಂಗ್ಲಿಷಿನಲ್ಲಿ ಅದು ಬಹಳ ಉದ್ದವಾಗಿತ್ತು. ಅದನ್ನು ಕನ್ನಡಕ್ಕೆ ಹೊತ್ತು ತರುವಾಗ ನನಗೆ ಎರಡು ಸಲ ಏದುಸಿರು ಬಂತು. ತಂದದ್ದು ಇಷ್ಟು:

“ತ್ಯಾಜ್ಯ ದ್ರಾವಣದ ಪಾತ್ರೆಯ ನಿರ್ವಹಣೆಯ ಸಂದರ್ಭದಲ್ಲಿ ಅನಪೇಕ್ಷಿತ ಉಷ್ಣೋತ್ಪಾದಕ ವಿದ್ಯಮಾನವೊಂದು ಘಟಿಸಿದ್ದು, ತತ್ಪರಿಣಾಮವಾಗಿ ಸದರಿ ನಿರ್ವಹಣೆಯಲ್ಲಿ ತೊಡಗಿದ್ದ ವಿದ್ಯಾರ್ಥಿನಿಗೆ ಹಾನಿಯುಂಟಾಗಿರುವುದು ಗಮನಕ್ಕೆ ಬಂದಿರುತ್ತದೆ.”

ಗುರುಗಳು ಕನ್ನಡಕ ತೆಗೆದರು.

“ಮತ್ತೊಮ್ಮೆ ಓದು.”

ಓದಿದ.

“ತಪ್ಪೇನರ ಐತೇನ್ರಿ?”

“ಒಂದೂ ಇಲ್ಲ.”

“ಚಲೋ ಆತ್ರಿ.”

“ನೀನು ಈವರೆಗೆ ತಪ್ಪಿಲ್ಲದೆ ಬರೆದವನಲ್ಲ. ಅದಕ್ಕೇ ಹೆದರಿಕೆಯಾಗುತ್ತದೆ.” ಗುರುಗಳು ಎದ್ದರು. “ನದಿಗೆ ಬಾ.”

“ಇದು ಪಾಠ ಅಲ್ರಿ ಗುರುಗಳ. ಹೇಳಿಕೆ.”

“ಸಂಗಪ್ಪ, ಹರಿಗೋಲು ಬಿಡು.”

ನಾನು ಗುರುಗಳನ್ನು ಆಚೆ ದಡಕ್ಕೆ ಬಿಟ್ಟೆ. ಹುಲುಗೇಶ ಬಂಡೆ ಹತ್ತಿದ. ಎದೆ ತುಂಬ ಉಸಿರು ತೆಗೆದುಕೊಂಡು ಆ ವಾಕ್ಯವನ್ನು ಕೂಗಿದ. ನೀರು ತನ್ನ ಪಾಡಿಗೆ ಗದ್ದಲ ಮಾಡುತ್ತಿತ್ತು.

ಟವೆಲ್ ಏಳಲಿಲ್ಲ.

ಮತ್ತೆ ಕೂಗಿದ. ಏಳಲಿಲ್ಲ.

ಬಿಸಿಲು ಇಳಿಯುವ ತನಕ ಕೂಗಿದ. ಕೊನೆಗೆ ದನಿ ಒಡೆದು ಬಂಡೆಯ ಮೇಲೆ ಕುಸಿದು ಕೂತ. ಗುರುಗಳು ಮರಳಿ ಬಂದು ಅವನ ಪಕ್ಕದಲ್ಲಿ ಕೂತರು.

“ಏನ್ ಕೇಳಿಸ್ತ್ರಿ?”

“ನದಿ.”

ಮರುದಿನ ಹುಲುಗೇಶ ಹೇಳಿಕೆಯನ್ನು ಕತ್ತರಿಸಿಕೊಂಡು ಬಂದ. ಉಷ್ಣೋತ್ಪಾದಕ ವಿದ್ಯಮಾನವೆಲ್ಲ ಹೋಗಿತ್ತು. ಬಾಟಲಿ ಎತ್ತುವಾಗ ಅದು ಸಿಡಿಯಿತು, ಎತ್ತಿದವಳು ರುದ್ರಾಣಿ, ಕಾರಣ ತಿಳಿದುಬಂದಿಲ್ಲ. ಇಷ್ಟೇ ಉಳಿದಿತ್ತು.

“ಸಣ್ಣದ ಮಾಡೀನ್ರಿ. ಈಗ ಮುಟ್ತೈತಿ.”

ಗುರುಗಳು ಆಚೆಗೆ ಹೋದರು. ಹುಲುಗೇಶ ಕೂಗಿದ. ಟವೆಲ್ ಹೆಗಲ ಮೇಲೇ ಇತ್ತು. ಗುರುಗಳು ಕೈ ಮಾಡಿ ನನ್ನನ್ನು ಕರೆದರು.  ಮರಳಿ ಬರುವಾಗ ನನಗೆ ಹೇಳಲು ಏನೂ ತೋಚಲಿಲ್ಲ. ನನಗೆ ಏನೂ ತೋಚದಿದ್ದದ್ದು ಆ ನದಿಯ ಇತಿಹಾಸದಲ್ಲೇ ಅದೇ ಮೊದಲು.

“ಇವತ್ತು ಏನರ ಮುಟ್ತೇನ್ರಿ?”

“ಮುಟ್ಟಿತು.”

“ಏನ್ರಿ?”

“ರುದ್ರಾಣಿ.”

“ಮತ್ತೇನ್ರಿ?”

“ಮತ್ತೇನೂ ಇಲ್ಲ. ನೀನು ಅಷ್ಟು ಕೂಗಿದೆ. ನೀರು ದಾಟಿ ಬಂದದ್ದು ಅವಳ ಹೆಸರೊಂದೇ. ಕಮಿಟಿಗೂ ಅದೇ ಮುಟ್ಟುತ್ತದೆ.”

ಹುಲುಗೇಶ ಕಾಲ ಬೆರಳಿನಿಂದ ಬಂಡೆಯ ಮೇಲಿನ ಪಾಚಿ ಕೆರೆಯುತ್ತ ಕೂತ.

“ನಾನು ಸುಳ್ಳು ಬರದಿಲ್ರಿ.”

“ಇಲ್ಲ.”

“ಪ್ರಯೋಗದ ವರದಿಯಾಗ ಬರದಾಂವ ಕಾಣಬಾರದು, ಕಂಡದ್ದಷ್ಟ ಇರಬೇಕಂತ ನೀವ ಹೇಳಿಕೊಟ್ಟೀರಿ.”

“ಹೇಳಿಕೊಟ್ಟಿದ್ದೇನೆ. ಹರಿಗೋಲಿಗೆ ಬಾ.”

ಹರಿಗೋಲು ದುಂಡಗಿನದು. ನಡುನೀರಿನಲ್ಲಿ ಹುಟ್ಟು ಎತ್ತಿಬಿಟ್ಟರೆ ಸುಮ್ಮನೆ ಗಿರಗಿರ ತಿರುಗುತ್ತದೆ. ಅದರೊಳಗೆ ಕೂತವರು ಮುಖ ತಿರುಗಿಸಿಕೊಂಡು ಕೂರಲಾರರು. ಎದುರಿಗೆ ಒಬ್ಬರ ಮಂಡಿ ಇನ್ನೊಬ್ಬರ ಮಂಡಿಗೆ ತಾಗುತ್ತದೆ. ಗುರುಗಳು ಹುಟ್ಟು ಎತ್ತಲು ಹೇಳಿದರು. ಎತ್ತಿದೆ.

“ಬಾಟಲಿಯಲ್ಲಿ ಏನಿತ್ತು?” ಗುರುಗಳು ಕೇಳಿದರು.

“ಸ್ಪಿರಿಟ್ ರಿ.”

“ಸ್ಪಿರಿಟ್ ಇಟ್ಟಲ್ಲೇ ಸಿಡಿಯುತ್ತದೆಯೇ?”

“ಇಲ್ರಿ.”

“ಮತ್ತೆ?”

ಹರಿಗೋಲು ಒಂದು ಸುತ್ತು ತಿರುಗಿತು.

“ನೈಟ್ರಿಕ್ ಆ್ಯಸಿಡ್ ಬಿದ್ರ ಸಿಡೀತೈತ್ರಿ. ಒಳಗ ಗಾಳಿ ತುಂಬಿಕೊಂತ ಹೋಗ್ತೈತಿ. ಮುಚ್ಚಳ ಬಿಗಿ ಇದ್ರ ಬಾಟಲಿ ತಡಕೊಳ್ಳಂಗಿಲ್ಲ.”

“ಆ್ಯಸಿಡ್ ಬಿದ್ದಿತ್ತೇ?”

“ಬಿದ್ದಿತ್ರಿ.”

“ಆ್ಯಸಿಡ್ಡಿಗೆ ಕಾಲಿವೆಯೇ, ಹುಲುಗೇಶ?”

ಅವನು ಮಂಡಿಗೆ ತಲೆ ಕೊಟ್ಟು ಅತ್ತ. ಹರಿಗೋಲು ಅವನನ್ನು ಹೊತ್ತು ತಿರುಗುತ್ತಲೇ ಇತ್ತು. ನಾನು ನೀರು ನೋಡುತ್ತ ಕೂತೆ.

“ಸಂಜಿ ಆಗಿತ್ರಿ,” ಅಂದ ಕೊನೆಗೆ. “ಅಟೆಂಡರ್ ಕೀಲಿ ಅಲ್ಲಾಡ್ಸಕೋಂತ ಬಾಗಲ ಹೊರಗ ನಿಂತಿದ್ದ. ಉಳದ ಆ್ಯಸಿಡ್ ಹಾಕೋ ಡಬ್ಬಿ ತುಂಬಿತ್ತು. ಕೈಗೆ ಸಿಕ್ಕ ಬಾಟಲಿಗೆ ಸುರುವಿದೆ. ವಾಸನಿ ಬರಬಾರದಂತ ಮುಚ್ಚಳ ಬಿಗಿ ಮಾಡಿದೆ. ಮುಂಜಾನೆ ಬಂದು ಸರಿ ಮಾಡಿದ್ರಾತು ಅಂದುಕೊಂಡಿದ್ದೆ. ಆಕಿ ನನಗಿಂತ ಮೊದಲ ಬಂದಳು.”

“ಯಾರಿಗಾದರೂ ಹೇಳಿದೆಯಾ?”

“ಇಲ್ರಿ. ಯಾರೂ ನೋಡಿಲ್ರಿ.”

ಗುರುಗಳು ಕೈಯನ್ನು ನೀರಿಗೆ ಬಿಟ್ಟು ಕೂತರು. 

“ಗುರುಗಳ, ಒಂದು ಕೇಳ್ತೀನ್ರಿ. ಆಕಿ ಹೆಸರೂ ಬರಬಾರದು, ನನ್ನ ಹೆಸರೂ ಬರಬಾರದು. ಹಂಗ ಬರೆಯೋ ಇಂಗ್ಲಿಷ್ ಇರ್ತೈತಲ್ರಿ. ಅದೊಂದು ಕಲಿಸಿಬಿಡ್ರಿ. ಮತ್ತೇನೂ ಕೇಳಂಗಿಲ್ಲ ನಿಮ್ಮನ್ನ.”

“ಅದು ನಿನಗೆ ಬರುತ್ತದೆ. ಕಲಿಸಿದವನೂ ನಾನೇ.”

“ಹಂಗಾದ್ರ ಆಗ್ತೈತೇನ್ರಿ?”

“ಆ ಇಂಗ್ಲಿಷಿಗೆ ಆಚೆ ದಡವಿಲ್ಲ.” ಗುರುಗಳು ನನ್ನ ಕಡೆ ತಿರುಗಿದರು. “ದಡಕ್ಕೆ ಬಿಡು.”

ಇಳಿಯುವಾಗ ಅವನಿಗೆ ಇಷ್ಟೇ ಹೇಳಿದರು: “ನಾಳೆ ಬೆಳಿಗ್ಗೆ ಬಾ. ನಾಳೆ ನೀನು ಮೊದಲು ಕೂಗಬೇಡ. ಕೇಳು.”

ಬೆಳಿಗ್ಗೆ ಹುಲುಗೇಶ ಬರುವಷ್ಟರಲ್ಲಿ ಗುರುಗಳು ಆಚೆ ದಡದಲ್ಲಿದ್ದರು. ಅವರ ಪಕ್ಕದ ಬಂಡೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಹುಡುಗಿ ಕೂತಿದ್ದಳು. ಅವಳ ಹಿಂದೆ ಅವಳ ತಾಯಿ ಶಿವವ್ವ, ಮಗಳ ಭುಜದ ಮೇಲೆ ಕೈ ಇಟ್ಟುಕೊಂಡು.

ಹುಲುಗೇಶ ನನ್ನ ತೋಳು ಹಿಡಿದ.

“ಮಾಮಾ, ಆಕೀನ್ನ ಯಾಕ ಕರಕೊಂಡು ಬಂದ್ರಿ?”

“ನಾವು ಕರದಿಲ್ಲಪ. ಆಕಿನ ಹೇಳಿ ಕಳಿಸಿದ್ಲು. ಆಕಿನೂ ಕಮಿಟಿ ಮುಂದ ಹೇಳಿಕೆ ಕೊಡಬೇಕಲ್ಲ. ಗುರುಗಳು ಒಮ್ಮೆ ಕೇಳಲಿ ಅಂದ್ಲಂತ.”

“ನಾನು ಹೋಗ್ತೀನ್ರಿ.”

“ಹೋಗು. ದಾರಿ ಐತಿ. ನಾನೇನು ಹಿಡಕೊಂಡಿಲ್ಲ.”

ಹಿಡಿದುಕೊಂಡದ್ದು ಅವನೇ. ನನ್ನ ತೋಳಿನ ಮೇಲೆ ಅವನ ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ಆಚೆ ರುದ್ರಾಣಿ ಎದ್ದು ನಿಂತಳು. ತಾಯಿ ಅವಳನ್ನು ನೀರಿನ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಅವಳು ಇಂಗ್ಲಿಷಿನಲ್ಲಿ ಕೂಗಿದಳು. ಆ ಇಂಗ್ಲಿಷ್ ಎಷ್ಟು ಸರಳವಾಗಿತ್ತೆಂದರೆ ಕನ್ನಡಕ್ಕೆ ತರುವಾಗ ನನಗೆ ಯಾವ ಕಷ್ಟವೂ ಆಗುವುದಿಲ್ಲ. ಆಗಿದ್ದರೆ ಚೆನ್ನಾಗಿತ್ತು.

“ನಾನು ಬಾಟಲಿ ಎತ್ತಿದೆ. ಎರಡು ಕೈಯಲ್ಲಿ ಎತ್ತಿದೆ. ಅಲುಗಿಸಲಿಲ್ಲ. ಅದು ಬೆಚ್ಚಗಿತ್ತು. ಆಮೇಲೆ ಸಿಡಿಯಿತು. ನಾನು ಏನೋ ತಪ್ಪು ಮಾಡಿದ್ದೇನೆ. ಏನೆಂದು ನನಗೆ ಗೊತ್ತಿಲ್ಲ.”

ಒಂದೊಂದು ಮಾತೂ ನೀರು ದಾಟಿ ಬಂತು. ಒಂದೂ ಮುಳುಗಲಿಲ್ಲ.

ಅವಳು ಕೊನೆಯ ಎರಡು ವಾಕ್ಯವನ್ನು ಮತ್ತೊಮ್ಮೆ ಕೂಗಿದಳು. ಈಚೆ ದಡದಲ್ಲಿ ಯಾರೋ ಕೇಳುತ್ತಿದ್ದಾರೆ ಎಂದಷ್ಟೇ ಗುರುಗಳು ಅವಳಿಗೆ ಹೇಳಿದ್ದರು. ಯಾರು ಎಂದು ಹೇಳಿರಲಿಲ್ಲ.

ಹುಲುಗೇಶ ನನ್ನ ತೋಳು ಬಿಟ್ಟ. ಬಂಡೆ ಹತ್ತಿದ.   ಬಗ್ಗಿ ನದಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ.

ಆಮೇಲೆ ಕೂಗಿದ, ಇಂಗ್ಲಿಷಿನಲ್ಲಿ:

“ನಾನು ಹುಲುಗೇಶ. ನಿನ್ನೆಯ ಸಂಜೆ ಆ ಬಾಟಲಿಗೆ ಆ್ಯಸಿಡ್ ಸುರಿದವನು ನಾನು. ಮುಚ್ಚಳ ಬಿಗಿ ಮಾಡಿದವನು ನಾನು. ಯಾರಿಗೂ ಹೇಳಲಿಲ್ಲ.”

ನಿನ್ನೆಯ ಸಂಜೆ ಎಂದ. ಆಗಿ ಎರಡು ತಿಂಗಳ ಮೇಲಾಗಿತ್ತು. ಅವನಿಗೆ ಅದು ಇನ್ನೂ ನಿನ್ನೆಯೇ ಆಗಿತ್ತು.

 ಆಚೆ ಗುರುಗಳು ಟವೆಲ್ ಎತ್ತಲಿಲ್ಲ. ಅದು ಮುಟ್ಟಬೇಕಾದದ್ದು ಅವರಿಗಲ್ಲ.

ಶಿವವ್ವನಿಗೆ ಇಂಗ್ಲಿಷ್ ತಿಳಿಯದು. “ಏನಂದವ್ವ ಅವ? ಹುಲುಗೇಶ ಅಲ್ಲೇನ ಅವ?” ಎಂದು ಮಗಳನ್ನು ಅಲುಗಿಸಿ ಕೇಳಿದಳು. ಮಗಳು ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಅದು ನಮಗೆ ಕೇಳಲಿಲ್ಲ. ಆಮೇಲೆ ಬಂದದ್ದು ಕೇಳಿತು. ಅದು ಕನ್ನಡದಲ್ಲಿತ್ತು.

“ನನ್ನ ಕೈಯಾಗಿನ ರೊಟ್ಟಿ ತಿಂದಿಯಲ್ಲೋ. ಆಸ್ಪತ್ರಿಗೆ ಬಂದು ನನ್ನ ಮುಂದ ಕುಂತು ಅತ್ತಿಯಲ್ಲೋ. ನಿನ್ನ ಕೈ ಸೇದಿಹೋಗ್ಲಿ. ನಿನ್ನ ಹಡದಾಕಿ ನನ್ನಂಗ ಕುಂದ್ರಲಿ.”

ಹುಲುಗೇಶ ನಿಂತು ಕೇಳಿದ. ಕಿವಿ ಮುಚ್ಚಿಕೊಳ್ಳಲಿಲ್ಲ.

ರುದ್ರಾಣಿ ಕೈ ಚಾಚಿ ತಾಯಿಯ ಬಾಯಿ ಹುಡುಕಿ ಮುಚ್ಚಿದಳು. ಆಮೇಲೆ ನದಿಯ ಕಡೆಗೆ ಮುಖ ಮಾಡಿದಳು. ಸ್ವಲ್ಪ ಬೇರೆ ಕಡೆಗೆ ಮಾಡಿದ್ದಳು. ಅವನು ನಿಂತ ಬಂಡೆಗಿಂತ ಒಂದು ಮಾರು ಆಚೆಗೆ.

“ಯಾವ ಆ್ಯಸಿಡ್?” ಇಂಗ್ಲಿಷಿನಲ್ಲೇ ಕೇಳಿದಳು.

“ನೈಟ್ರಿಕ್.”

“ನೀರು ಬೆರೆಸಿದ್ದೋ, ಗಟ್ಟಿಯದೋ?”

“ಗಟ್ಟಿಯದು.”

“ಎಷ್ಟು?”

“ಒಂದು ಬೀಕರ್. ಅರ್ಧಕ್ಕಿಂತ ಹೆಚ್ಚು.”

ಅವಳು ನಿಂತೇ ಯೋಚಿಸಿದಳು. ಲೆಕ್ಕ ಹಾಕುವಾಗ ಅವಳು ತುಟಿ ಅಲುಗಿಸುವುದು ನನಗೆ ಗೊತ್ತು. ಈಚೆ ದಡಕ್ಕೂ ಅದು ಕಂಡಿತು.

“ಹಾಗಾದರೆ,” ಅಂದಳು, “ನಾನು ಎತ್ತದಿದ್ದರೂ ಅದು ಸಿಡಿಯುತ್ತಿತ್ತು.”

“ಹೌದು.”

“ನಾನು ಏನೂ ತಪ್ಪು ಮಾಡಲಿಲ್ಲ.”

“ಇಲ್ಲ. ನೀನು ಏನೂ ಮಾಡಲಿಲ್ಲ.”

ರುದ್ರಾಣಿ ಕೂತುಬಿಟ್ಟಳು. ಅಳಲಿಲ್ಲ. ಬಹಳ ದೂರ ನಡೆದು ಬಂದವರು ಕೂರುವ ಹಾಗೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ತಾಯಿಯ ಸೆರಗು ಹಿಡಿದುಕೊಂಡು ಎದ್ದಳು. ಇಬ್ಬರೂ ಬಂಡೆಗಳ ನಡುವೆ ಊರಿನ ದಾರಿ ಹಿಡಿದರು. ಈಚೆ ದಡಕ್ಕೆ ಅವಳು ಮತ್ತೇನೂ ಹೇಳಲಿಲ್ಲ.

ನಾನು ಹೋಗಿ ಗುರುಗಳನ್ನು ಕರೆತಂದೆ. ಹುಲುಗೇಶ ಅಲ್ಲೇ ನಿಂತಿದ್ದ.

“ಗುರುಗಳ, ಆಕಿ ನನ್ನ ಕ್ಷಮಿಸ್ತಾಳೇನ್ರಿ?”

“ಅದು ನಾನು ಕಲಿಸುವ ವಿಷಯವಲ್ಲ.”

“ಕಮಿಟಿಗೆ ಏನು ಬರೀಲ್ರಿ?”

“ಬರೆಯುವುದು ಆಯಿತು. ಈಗ ಕೂಗಿದ್ದನ್ನೇ, ಅವಳಿಗೆ ಕೊಟ್ಟ ಉತ್ತರದ ಸಮೇತ, ಕಾಗದಕ್ಕೆ ಇಳಿಸು.”

ಅವನು ಇಳಿಸಿದ. ಬೇವಿನ ಮರದ ಕೆಳಗೆ ಕೂತು, ಮಂಡಿಯ ಮೇಲೆ ಕಾಗದ ಇಟ್ಟುಕೊಂಡು. ಒಂದು ಪದವನ್ನೂ ಹೊಡೆದುಹಾಕಲಿಲ್ಲ, ಒಂದನ್ನೂ ಸೇರಿಸಲಿಲ್ಲ. ನಿನ್ನೆ ಎಂದಿದ್ದ ಕಡೆ ಮಾತ್ರ ಆ ಸಂಜೆಯ ತಾರೀಖು ಹಾಕಿದ. ಗುರುಗಳು ನೋಡಿ ಮರಳಿ ಕೊಟ್ಟರು. ಅವರ ಪೆನ್ನು ಜೇಬಿನಲ್ಲೇ ಉಳಿಯಿತು.

ಕಮಿಟಿ ಬಂತು, ಕೂತಿತು, ಹೋಯಿತು.

ಅದರ ಮುಂದೆ ಹುಲುಗೇಶ ನಿಂತು ಅಷ್ಟನ್ನೇ ಹೇಳಿದನಂತೆ. ಹೊರರಾಜ್ಯದ ಆ ದೊಡ್ಡವರಲ್ಲಿ ಒಬ್ಬರೂ ಮರುಪ್ರಶ್ನೆ ಕೇಳಲಿಲ್ಲವಂತೆ. ಕೇಳಲು ಏನೂ ಉಳಿದಿರಲಿಲ್ಲ.

ರುದ್ರಾಣಿಯ ಹೆಸರು ಕಾಲೇಜಿನಲ್ಲಿ ಉಳಿಯಿತು. ಒಬ್ಬ ಗೆಳತಿ ಪಕ್ಕದಲ್ಲಿ ಕೂತು ಓದಿ ಹೇಳುವುದೆಂದಾಯಿತು. ಹುಲುಗೇಶನ ಹೆಸರು ಹೋಯಿತು. ಹೈದರಾಬಾದಿನ ಸೀಟೂ ಹೋಯಿತು. ಅವನ ಅವ್ವ ಓಣಿಯಲ್ಲಿ ತಲೆ ಮೇಲೆ ಸೆರಗು ಎಳೆದುಕೊಂಡು ನಡೆಯತೊಡಗಿದಳು.

ಊರು ಬಿಡುವ ದಿನ ಅವನು ಆಶ್ರಮಕ್ಕೆ ಬಂದ. ಹೆಗಲಿಗೆ ಒಂದು ಚೀಲ. ಎಲ್ಲೋ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಎಂದ. ಆ ದಿನ ಮೋಡ ಮುಚ್ಚಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ನದಿ ಬೂದಿ ಬಣ್ಣಕ್ಕಿತ್ತು.

ನಾನು ಅವನಿಗೆ ಏನಾದರೂ ದೊಡ್ಡದು ಹೇಳಬೇಕೆಂದುಕೊಂಡೆ. ಒಮ್ಮೆ ನಾನು ಹರಿಗೋಲನ್ನು ಸಮುದ್ರದವರೆಗೂ ಒಯ್ದು ಒಂದು ಹಡಗಿಗೆ ದಾರಿ ತೋರಿಸಿದ ಕಥೆಯಿದೆ. ಬಾಯಿ ತೆರೆದೆ. ಮಂಡಕ್ಕಿ ತಿನ್ನುತ್ತೀಯೇನಪ್ಪ ಎಂದು ಕೇಳಿದೆ.

“ಬ್ಯಾಡ್ರಿ ಮಾಮಾ.”

ಗುರುಗಳ ಎದುರು ಕೂತ. 

“ಗುರುಗಳ, ಒಂದು ಕೇಳ್ಕೊಳ್ಳಾಕ ಬಂದೀನ್ರಿ.”

“ಕೇಳು.”

“ನಾನು ಬರದದ್ದನ್ನ ಕಮಿಟಿಯವ್ರು ದೊಡ್ಡ ಅಕ್ಷರದಾಗ ಮಾಡಿಸ್ಯಾರ್ರಿ. ಲ್ಯಾಬಿನಾಗಿನ ಆ ಕಪಾಟಿನ ಬಾಗಲಕ್ಕ ಅಂಟಿಸ್ಯಾರ. ಮೊದಲನೇ ವರ್ಷದ ಹುಡುಗ್ರು ಗುಂಪು ಕಟಗೊಂಡು ಓದ್ತಾರಂತ. ಓದಿ, ಯಾರೋ ಈ ಹುಲುಗೇಶ ಅಂತ ಕೇಳ್ತಾರಂತ.”

“ಹೌದು. ಪ್ರಿನ್ಸಿಪಾಲರು ಹೇಳಿದರು.”

“ನನ್ನ ಸೀಟು ಹೋತು, ಹೋಗ್ಲಿ ಬಿಡ್ರಿ. ಊರು ಬಿಟ್ಟೆ, ಅದೂ ಆತು. ಆಕಿ ಕಣ್ಣಂತೂ ಬರಂಗಿಲ್ಲ. ಇನ್ನೂ ಅದನ್ನ ಅಲ್ಲಿ ಅಂಟಿಸಿ ಇಟ್ರ ಯಾರಿಗೆ ಏನು ಬಂತ್ರಿ?” ಅವನು ಗುರುಗಳ ಪಾದದ ಹತ್ತಿರ ಕೈಯೂರಿದ. “ನಿಮ್ಮ ಮಾತು ಕಾಲೇಜಿನವ್ರು ಕೇಳ್ತಾರ. ಅದೊಂದು ತಗಿಸಿಬಿಡ್ರಿ.”

ಗುರುಗಳು ಅವನ ತಲೆಯ ಮೇಲೆ ಕೈ ಇಟ್ಟರು. 

“ನಾಳೆ ಆ ಕಪಾಟಿನ ಮುಂದೆ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ, ಹುಲುಗೇಶ. ಅವಳಿಗೆ ಇನ್ನೂ ಕಣ್ಣಿವೆ.”